ಈ ಸಣ್ಣ ಸಗಣಿ ಹುಳ ಯಾವ ಕುಲದ್ದು? ತುಮಕೂರು ಸೀಮೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಧುಗಿರಿ ಕಡೆಯ ಗೋಮಾಳದಲ್ಲಿ ಕುಕ್ಕರುಗಾಲಲ್ಲಿ ಕೂತು ಕಡ್ಡಿಯಿಂದ ಸಗಣಿ ಕೆದಕುತ್ತಿದ್ದರೆ, ದಾರಿಯಲ್ಲಿ ಹೋಗುವವರು ಮೊದಲು ಕೇಳುವುದು "ಏನ್ ಕಳ್ಕೊಂಡ್ರಿ ಸಾರ್?" ಎಂದು. ನನ್ನ ಅಂಗೈ ಮೇಲಿನ ಕಪ್ಪು ಕಾಳು ಎದ್ದು ನಡೆಯುವುದನ್ನು ಕಂಡ ಮೇಲೆ ಎರಡನೇ ಪ್ರಶ್ನೆ: "ಇದಕ್ಕೂ ಒಂದು ಹೆಸರಿದೆಯಾ?" ಇದೆ. ಒಂದೇ ಸಗಣಿಯಲ್ಲಿ ಐದಾರು ಹೆಸರುಗಳೂ ಇರುತ್ತವೆ. ನಾನು ವಿಜ್ಞಾನಿ ಅಲ್ಲ. ಲೆನ್ಸ್ ಹಿಡಿದು ತಪ್ಪು ಮಾಡುತ್ತಾ ಕಲಿತವನು. ಆ ತಪ್ಪುಗಳಲ್ಲಿ ಕೆಲವು ಈ ಉತ್ತರಗಳ ನಡುವೆ ಬಂದಿವೆ.

ಸಣ್ಣದು ಅಂದರೆ ಎಷ್ಟು ಸಣ್ಣದು?

ಎಳ್ಳು, ಹುರುಳಿ, ಹುಣಸೆ ಬೀಜ. ಈ ಮೂರು ಅಳತೆ ಸಾಕು. ಎಳ್ಳಿನಷ್ಟು ಅಂದರೆ ಸುಮಾರು 3 ಮಿಲಿಮೀಟರ್, ಹುರುಳಿಯಷ್ಟು ಅಂದರೆ 5-6. ಹುಣಸೆ ಬೀಜದ ಗಾತ್ರ ದಾಟಿದರೆ ಅದು ಈ ಪುಟದ ಹುಳ ಅಲ್ಲ. ಆನೆ ಲದ್ದಿಗೆ ಬರುವ ಹೆಲಿಯೊಕಾಪ್ರಿಸ್, ರಾತ್ರಿ ದೀಪಕ್ಕೆ ಧಡ್ ಅಂತ ಬಂದು ಬೀಳುವ ಕೆಥಾರ್ಸಿಯಸ್, ಇವೆಲ್ಲ ದೊಡ್ಡವರ ಮನೆ. ಅವನ್ನು ಗುರುತಿಸುವುದು ಸುಲಭ. ಕಷ್ಟ ಇರುವುದು ಹುರುಳಿ ಗಾತ್ರದವುಗಳಲ್ಲೇ.

ಕುಲ ಮಾತ್ರ ಯಾಕೆ? ಪೂರ್ತಿ ಹೆಸರೇ ಹೇಳಿಬಿಡಿ.

ಕುಲ ಅಂದರೆ ಮನೆತನದ ಹೆಸರು, ಪ್ರಭೇದ ಅಂದರೆ ಆ ಮನೆಯ ಒಬ್ಬರ ಹೆಸರು. ಆಂಥೊಫ್ಯಾಗಸ್ ಎಂಬ ಒಂದೇ ಮನೆತನದಲ್ಲಿ ಪ್ರಪಂಚದಾದ್ಯಂತ 2,000ಕ್ಕೂ ಜಾಸ್ತಿ ಪ್ರಭೇದಗಳಿವೆ. ಅವುಗಳಲ್ಲಿ ಎಷ್ಟೋ ಪ್ರಭೇದಗಳನ್ನು ಬೇರ್ಪಡಿಸಲು ಗಂಡು ಹುಳದ ಜನನಾಂಗವನ್ನು ಹೊರತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಹೊಲದ ಬದುವಿನಲ್ಲಿ ಕೂತು ಆ ಕೆಲಸ ಆಗುವುದಿಲ್ಲ. ಕುಲ ಹಾಗಲ್ಲ. ಒಂದು ಲೆನ್ಸ್, ಹತ್ತು ನಿಮಿಷ ಇದ್ದರೆ ಹೆಚ್ಚಿನ ಸಲ ಸಿಕ್ಕಿಬಿಡುತ್ತದೆ. ಪೂರ್ತಿ ಹೆಸರನ್ನು ಅಂದಾಜಿನಲ್ಲಿ ಹೇಳಿ ತಪ್ಪುವುದಕ್ಕಿಂತ ಕುಲಕ್ಕೆ ನಿಲ್ಲುವುದು ಮರ್ಯಾದೆ.

ಸಗಣಿಯಲ್ಲಿ ಸಿಕ್ಕಿದ್ದೆಲ್ಲ ಸಗಣಿ ಹುಳವೇ ಅಲ್ವಾ?

ಅಲ್ಲ. ಹೊಸಬರು ಎಡವುವುದು ಇಲ್ಲೇ. ಸಗಣಿ ಅಂದರೆ ಒಂದು ಸಂತೆ. ವ್ಯಾಪಾರಕ್ಕೆ ಬಂದವರೂ ಇರುತ್ತಾರೆ, ಜೇಬು ಕತ್ತರಿಸಲು ಬಂದವರೂ ಇರುತ್ತಾರೆ.

ಕನ್ನಡಿಯಂತೆ ಹೊಳೆಯುವ, ಗುಂಡಿ ಹೊಲಿಯಬಹುದು ಅನ್ನಿಸುವಷ್ಟು ದುಂಡಗಿನ, ಕಪ್ಪು ಹುಳ ಕಂಡರೆ ಅದು ಬಹುಶಃ ಹಿಸ್ಟರ್. ಅದರ ರೆಕ್ಕೆಕವಚ ಗಿಡ್ಡ. ಹಿಂದೆ ಹೊಟ್ಟೆಯ ಕೊನೆಯ ಎರಡು ಪಟ್ಟಿ ಬರಿದಾಗಿ ಕಾಣುತ್ತವೆ. ಅದು ಬಂದಿರುವುದು ಸಗಣಿ ತಿನ್ನಲು ಅಲ್ಲ, ಅದರೊಳಗಿನ ನೊಣದ ಮರಿಗಳನ್ನು ತಿನ್ನಲು. ಉದ್ದ ತೆಳ್ಳಗಿದ್ದು, ಚೋಟುದ್ದ ಅಂಗಿ ಹಾಕಿಕೊಂಡಂತೆ ರೆಕ್ಕೆಕವಚ ಅರ್ಧಕ್ಕೇ ಮುಗಿದಿದ್ದರೆ ಅದು ರೋವ್ ದುಂಬಿ. ದುಂಡಗೆ ಕಪ್ಪಗಿದ್ದು, ರೆಕ್ಕೆಕವಚದ ತುದಿಯಲ್ಲಿ ಹಳದಿಯೋ ಕೆಂಪೋ ಮಚ್ಚೆ ಇದ್ದು, ಹಸಿ ಸಗಣಿಯಲ್ಲಿ ಈಜಿದಂತೆ ಓಡುತ್ತಿದ್ದರೆ ಸ್ಫೆರಿಡಿಯಮ್. ಅದು ನೀರುದುಂಬಿಗಳ ಬಳಗ. ಅದರ ಬಾಯಿಯ ಪಕ್ಕದಿಂದ ಇನ್ನೊಂದು ಜೊತೆ ಮೀಸೆಯೇನೋ ಅನ್ನುವಂತೆ ಉದ್ದನೆಯ ಎಳೆಗಳು ಚಾಚಿರುತ್ತವೆ.

ನಿಜವಾದ ಸಗಣಿ ಹುಳಕ್ಕೆ ಮೀಸೆಯ ತುದಿಯಲ್ಲಿ ಮೂರು ಎಲೆಗಳ ಪುಟ್ಟ ಗೊಂಚಲು ಇರುತ್ತದೆ. ಬೀಸಣಿಗೆಯ ಹಾಗೆ ಬಿಚ್ಚಿ ಮುಚ್ಚುತ್ತದೆ. ಮುಖದ ಮುಂಭಾಗ ಸಲಿಕೆಯಂತೆ ಚಪ್ಪಟೆ. ಮೇಲಿಂದ ನೋಡಿದರೆ ದವಡೆ ಕಾಣುವುದೇ ಇಲ್ಲ. ಅದು ಮೃದುವಾಗಿ, ಸಲಿಕೆಯ ಅಡಿಯಲ್ಲಿ ಅಡಗಿರುತ್ತದೆ. ದೀಪಕ್ಕೆ ಬರುವ ಹೈಬೊಸೋರಸ್ ಎಂಬ ಕಂದು ಕಪ್ಪು ದುಂಬಿಗೂ ಇಂಥದ್ದೇ ಮೀಸೆ ಇದೆ. ಆದರೆ ಅದರ ದವಡೆ ಮುಖದಿಂದ ಮುಂದೆ ಚಾಚಿ ಎದ್ದು ಕಾಣುತ್ತದೆ. ನಾನು ಒಂದು ಮಳೆಗಾಲ ಪೂರ್ತಿ ಅದನ್ನೇ ಹಿಡಿದು ಹಿಡಿದು ಡಬ್ಬಿ ತುಂಬಿಸಿದ್ದೆ.

ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿಯ ಮರಿಗಳು ಇವೇನಾ?

ತಿಪಟೂರು ಕಡೆಯ ನೆಂಟರು ಪ್ರತಿ ಸಲ ಕೇಳುತ್ತಾರೆ. ಅಲ್ಲ. ಸುಳಿ ಕೊರೆಯುವ ರೈನೋಸರಸ್ ದುಂಬಿ ಬೇರೆಯೇ ಉಪಕುಟುಂಬದ್ದು (ಉಪಕುಟುಂಬ ಅಂದರೆ ಹಲವು ಕುಲಗಳು ಸೇರಿದ ದೊಡ್ಡ ಬಳಗ). ಉದ್ದ 35 ರಿಂದ 50 ಮಿಲಿಮೀಟರ್. ಅದರ ದಪ್ಪ ಬಿಳಿ ಮರಿ ಸಿಗುವುದು ತಿಪ್ಪೆಯಲ್ಲಿ, ಕೊಳೆತ ತೆಂಗಿನ ದಿಮ್ಮಿಯಲ್ಲಿ. ಇನ್ನೊಂದು ಮಾತು. ದುಂಬಿ ರೆಕ್ಕೆ ಬಂದ ಮೇಲೆ ಬೆಳೆಯುವುದಿಲ್ಲ. ಸಣ್ಣ ಕೊಂಬಿನ ಹುಳ ನಾಳೆ ದೊಡ್ಡ ಕೊಂಬಿನ ಹುಳ ಆಗುವುದಿಲ್ಲ. ಹುರುಳಿ ಗಾತ್ರದ ಕೊಂಬಿನ ಹುಳ ನಿಮ್ಮ ತೆಂಗಿಗೆ ಏನೂ ಮಾಡುವುದಿಲ್ಲ, ಸಾಯಿಸಬೇಡಿ.

ಏನೇನು ಸಾಮಾನು ಬೇಕು?

ಹತ್ತು ಪಟ್ಟು ದೊಡ್ಡದು ಮಾಡುವ ಕೈಲೆನ್ಸ್. ಬಣ್ಣ ಬಳಿಯುವ ಸಣ್ಣ ಬ್ರಷ್. ಮಿಲಿಮೀಟರ್ ಗೆರೆಯ ಗ್ರಾಫ್ ಹಾಳೆ. ಬಿಳಿ ತಟ್ಟೆ. ಅಷ್ಟೇ. ಹುಳವನ್ನು ಸೋಪಿನ ಬೆಚ್ಚಗಿನ ನೀರಿನಲ್ಲಿ ಬ್ರಷ್ ಆಡಿಸಿ ತೊಳೆಯಿರಿ. ತೊಳೆಯದೆ ಕಾಲಿನ ಹಲ್ಲು (ಮುಂಗಾಲಿನ ಅಂಚಿನಲ್ಲಿರುವ ಗರಗಸದಂಥ ಚೂಪುಗಳು) ಎಣಿಸಲು ಹೋದವರೆಲ್ಲ ಸಗಣಿಯನ್ನೇ ಎಣಿಸಿದ್ದಾರೆ.

ನೀವು ಬಳಸುವ ಅಂಗಗಳ ಹೆಸರು ಏನೇನು?

ಪಠ್ಯಪುಸ್ತಕದ ಪದಗಳಿಗಿಂತ ಮನೆಮಾತು ಚೆನ್ನ. ತಲೆಯ ಹಿಂದೆ ಬೆನ್ನ ಮೇಲಿರುವ ದೊಡ್ಡ ಫಲಕ ಹೆಗಲ ತಟ್ಟೆ. ಅದರ ಹಿಂದೆ ಗಟ್ಟಿಯಾದ ಎರಡು ರೆಕ್ಕೆಕವಚ. ಎಲ್ಲಕ್ಕೂ ಹಿಂದೆ, ಹೊಟ್ಟೆಯ ಕೊನೆಯಲ್ಲಿ ಕೆಳಕ್ಕೆ ಬಾಗಿರುವುದು ಬಾಲತಟ್ಟೆ. ಕಾಲಿನಲ್ಲಿ ತೊಡೆ, ಕಣಕಾಲು, ಪಾದ. ನಮ್ಮ ಕಾಲಿನಂತೆಯೇ ಲೆಕ್ಕ. ಕಣಕಾಲಿನ ತುದಿಯಲ್ಲಿ ಕೀಲಿನಿಂದ ಅಲುಗಾಡುವ ಚೂಪು ಕಡ್ಡಿ ಇದೆಯಲ್ಲ, ಅದು ಕಾಲುಮುಳ್ಳು.

ಹುಳ ಕೈಗೆ ಬಂತು. ಮೊದಲು ಎಲ್ಲಿ ನೋಡಬೇಕು?

ಹಿಂದುಗಡೆ. ಎಲ್ಲರೂ ಮುಖ ನೋಡುತ್ತಾರೆ, ಕೊಂಬು ನೋಡುತ್ತಾರೆ, ಬಣ್ಣ ನೋಡುತ್ತಾರೆ. ಹುಳವನ್ನು ತಿರುಗಿಸಿ ಹಿಂದಿನಿಂದ ನೋಡಿ. ರೆಕ್ಕೆಕವಚ ಮುಗಿದ ಮೇಲೆ ಬಾಲತಟ್ಟೆ ಬರಿದಾಗಿ ಕಾಣುತ್ತದೆಯೋ, ಇಲ್ಲ ಪೂರ್ತಿ ಮುಚ್ಚಿದೆಯೋ?

ಮುಚ್ಚಿದ್ದರೆ ಹಿಂಗಾಲಿನ ಕಣಕಾಲಿನ ತುದಿಗೆ ಹೋಗಿ ಕಾಲುಮುಳ್ಳು ಎಣಿಸಿ. ಎರಡು ಇದ್ದರೆ ಅದು ಅಫೋಡಿಯಸ್ ಬಳಗ. ಉದ್ದ ಕಾಳಿನ ಆಕಾರ, ಸಮನಾದ ಅಗಲ, ಬದಿ ಉರುಟು. ಹೆಚ್ಚಾಗಿ 3 ರಿಂದ 8 ಮಿಲಿಮೀಟರ್. ಬೆನ್ನ ಮೇಲೆ ಎರಡು ರೆಕ್ಕೆಕವಚ ಸೇರುವ ಕಡೆ ಒಂದು ಪುಟ್ಟ ತ್ರಿಕೋನ ಸ್ಪಷ್ಟವಾಗಿರುತ್ತದೆ. ಹಿಂಗಣಕಾಲಿನ ಹೊರಬದಿಯಲ್ಲಿ ಅಡ್ಡಡ್ಡ ಏಣುಗಳು. ಮಳೆಗಾಲದಲ್ಲಿ ಮನೆಯ ಟ್ಯೂಬ್‌ಲೈಟಿಗೆ ಬಂದು ಚಟ್ನಿಗೆ ಬೀಳುವ ಕಂದು ಹುಳಗಳಲ್ಲಿ ಇವೂ ಇರುತ್ತವೆ. ಅದೇ ಆಕಾರದ್ದು ಇನ್ನೂ ತೆಳ್ಳಗಿದ್ದು, ಹೆಗಲ ತಟ್ಟೆಯ ಮೇಲೆ ಉತ್ತ ಹೊಲದಂತೆ ಅಡ್ಡ ಸಾಲುಗಳಿದ್ದರೆ ಅದೇ ಉಪಕುಟುಂಬದ ರಿಸ್ಸೆಮಸ್ ಇರಬಹುದು.

ಬಾಲತಟ್ಟೆ ಬರಿದಾಗಿದ್ದು, ಹಿಂಗಾಲಿಗೆ ಒಂದೇ ಕಾಲುಮುಳ್ಳು ಇದ್ದು, ನಡುಗಾಲುಗಳ ಬುಡ ಒಂದಕ್ಕೊಂದು ದೂರ ಇದ್ದರೆ ಅದು ನಿಜವಾದ ಸಗಣಿ ಹುಳಗಳ ಉಪಕುಟುಂಬ. ಪ್ರಪಂಚದಲ್ಲಿ 6,000ಕ್ಕೂ ಮೇಲ್ಪಟ್ಟು ಪ್ರಭೇದಗಳಿರುವ ದೊಡ್ಡ ಬಳಗ ಇದು. ಮುಂದಿನ ಪ್ರಶ್ನೆಗಳೆಲ್ಲ ಈ ಬಳಗದ ಬಗ್ಗೆ.

ನಡುಗಾಲಿನ ಬುಡ ಅಂದರೆ ಕಾಲು ಎದೆಗೆ ಸೇರುವ ಜಾಗ. ಹುಳವನ್ನು ಅಂಗಾತ ಹಾಕಿ ನೋಡಿ. ಅಫೋಡಿಯಸ್‌ನಲ್ಲಿ ಎರಡೂ ಅಂಟಿಕೊಂಡಂತೆ ಇರುತ್ತವೆ. ಇವುಗಳಲ್ಲಿ ನಡುವೆ ಅಗಲವಾದ ಬಯಲು.

ಬೆನ್ನಿನ ತ್ರಿಕೋನಕ್ಕೆ ಯಾಕೆ ಅಷ್ಟು ಬೆಲೆ?

ಎರಡನೇ ದಾರಿ ಕವಲೊಡೆಯುವುದು ಅಲ್ಲಿ. ಬಾಲತಟ್ಟೆ ಬರಿದಾಗಿರುವ ಹುಳಗಳಲ್ಲಿ ಹೆಚ್ಚಿನವಕ್ಕೆ ಆ ತ್ರಿಕೋನ ಹೊರಗೆ ಕಾಣುವುದೇ ಇಲ್ಲ. ಹೆಗಲ ತಟ್ಟೆಯ ಅಂಚಿಗೆ ನೇರ ರೆಕ್ಕೆಕವಚ ಬಂದು ಕೂರುತ್ತದೆ. ಆಂಥೊಫ್ಯಾಗಸ್, ಕ್ಯಾಕೋಬಿಯಸ್, ಸಿಸಿಫಸ್, ಜಿಮ್ನೊಪ್ಲೂರಸ್, ಕಾಪ್ರಿಸ್ ಎಲ್ಲ ಹೀಗೇ. ತ್ರಿಕೋನ ಸಣ್ಣದಾದರೂ ಕಂಡರೆ ಓನಿಟಿಸೆಲಸ್ ಬಳಗದ ಕಡೆ ತಿರುಗಿ. ಮಬ್ಬು ಬೆಳಕಿನಲ್ಲಿ ಇದು ತಪ್ಪುತ್ತದೆ. ಬೆಳಕು ಪಕ್ಕದಿಂದ ಬೀಳುವಂತೆ ಹಿಡಿದರೆ ತ್ರಿಕೋನದ ಅಂಚು ನೆರಳಾಗಿ ಏಳುತ್ತದೆ.

ಆಂಥೊಫ್ಯಾಗಸ್ ಮತ್ತು ಕ್ಯಾಕೋಬಿಯಸ್ ಎರಡೂ ಒಂದೇ ಥರ ಕಾಣುತ್ತವಲ್ಲ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಸತಾಯಿಸಿದ್ದೂ ಇದೇ. ಎರಡು ವರ್ಷ ಸಿಕ್ಕಿದ ಸಣ್ಣ ಕಪ್ಪು ಹುಳಗಳಿಗೆಲ್ಲ ಆಂಥೊಫ್ಯಾಗಸ್ ಎಂದು ಚೀಟಿ ಬರೆದು, ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿ, ಬಂದವರಿಗೆಲ್ಲ ತೋರಿಸಿದ್ದೆ. ಆಮೇಲೆ ಬಲ್ಲವರೊಬ್ಬರು ಒಂದೇ ಒಂದು ಮಾತು ಹೇಳಿದರು: "ಮುಂಗಾಲು ನೋಡಿದ್ರಾ?" ನೋಡಿರಲಿಲ್ಲ. ಮೂರನೇ ಒಂದು ಪಾಲು ಚೀಟಿ ಹರಿದು ಹಾಕಬೇಕಾಯಿತು.

ಎರಡಕ್ಕೂ ಬಾಲತಟ್ಟೆ ಬರಿದು, ತ್ರಿಕೋನ ಕಾಣುವುದಿಲ್ಲ, ನಡುಗಾಲು ಹಿಂಗಾಲುಗಳ ಕಣಕಾಲು ತುದಿಯ ಕಡೆಗೆ ಕಹಳೆಯಂತೆ ಅಗಲವಾಗುತ್ತದೆ. ಮುಂಗಣಕಾಲಿನ ಹೊರಬದಿಯಲ್ಲಿ ಸಾಮಾನ್ಯವಾಗಿ ನಾಲ್ಕು ಹಲ್ಲು. ಇಲ್ಲಿಯವರೆಗೂ ಅವಳಿ ಜವಳಿ.

ವ್ಯತ್ಯಾಸ ಇರುವುದು ಆ ಮುಂಗಣಕಾಲಿನ ತುದಿಯಲ್ಲಿ. ಬಡಗಿಯ ಮೂಲೆಮಟ್ಟ ನೆನಪು ಮಾಡಿಕೊಳ್ಳಿ. ಕ್ಯಾಕೋಬಿಯಸ್‌ನಲ್ಲಿ ಕಣಕಾಲಿನ ತುದಿ ಅದರ ಒಳಬದಿಗೆ ಮೂಲೆಮಟ್ಟ ಹಿಡಿದು ಕತ್ತರಿಸಿದಷ್ಟು ನೆಟ್ಟಗೆ ಅಡ್ಡಕ್ಕಿರುತ್ತದೆ. ತುದಿಯ ಹಲ್ಲು ಪಕ್ಕಕ್ಕೆ ಚಾಚುತ್ತದೆ. ಆಂಥೊಫ್ಯಾಗಸ್‌ನಲ್ಲಿ ತುದಿ ಓರೆ. ಮಚ್ಚಿನಿಂದ ಕಬ್ಬನ್ನು ಓರೆಯಾಗಿ ಕಡಿದ ಹಾಗೆ. ತುದಿಯ ಹಲ್ಲು ಮುಂದಕ್ಕೆ ಬಾಗುತ್ತದೆ. ಒಂದು ಸಲ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮತ್ತೆ ಮರೆಯುವುದಿಲ್ಲ.

ಎರಡನೇ ಗುರುತು ಹೆಗಲ ತಟ್ಟೆಯ ಮುಂಮೂಲೆಗಳ ಅಡಿಭಾಗ. ಹುಳವನ್ನು ಅಂಗಾತ ಹಾಕಿ ಆ ಮೂಲೆಯ ಒಳಗೆ ಬೆಳಕು ಬಿಡಿ. ಕ್ಯಾಕೋಬಿಯಸ್‌ಗೆ ಅಲ್ಲಿ ಹೆಬ್ಬೆರಳಲ್ಲಿ ಒತ್ತಿದಂಥ ಒಂದು ತಗ್ಗು ಇರುತ್ತದೆ. ಮೀಸೆ ಮಡಚಿ ಇಡಲು ಮಾಡಿದ ಗೂಡಿನಂತೆ ಕಾಣುತ್ತದೆ. ಕೆಲವು ಆಂಥೊಫ್ಯಾಗಸ್‌ಗಳೂ ಮೋಸ ಮಾಡುವುದರಿಂದ ಎರಡು ಗುರುತೂ ಒಟ್ಟಿಗೆ ಸಿಕ್ಕರೆ ಮಾತ್ರ ಹೆಸರು ಬರೆಯಿರಿ.

ಗಾತ್ರವೂ ಸ್ವಲ್ಪ ಸಹಾಯ ಮಾಡುತ್ತದೆ. ಕ್ಯಾಕೋಬಿಯಸ್ ಹೆಚ್ಚಾಗಿ ಎಳ್ಳಿಗೂ ಹುರುಳಿಗೂ ನಡುವೆ ನಿಲ್ಲುತ್ತದೆ. ಆಂಥೊಫ್ಯಾಗಸ್ ಅದೇ ಎಳ್ಳಿನಿಂದ ಶುರುವಾಗಿ ಹುಣಸೆ ಬೀಜದವರೆಗೂ ಹೋಗುತ್ತದೆ. ಆದ್ದರಿಂದ "ದೊಡ್ಡದಿದ್ದರೆ ಕ್ಯಾಕೋಬಿಯಸ್ ಅಲ್ಲ" ಅನ್ನಬಹುದು. "ಸಣ್ಣದಿದ್ದರೆ ಕ್ಯಾಕೋಬಿಯಸ್" ಅನ್ನುವಂತಿಲ್ಲ.

ನನ್ನ ಹುಳದ ಮುಂಗಾಲಿಗೆ ಹಲ್ಲೇ ಇಲ್ಲ. ಯಾವ ಕುಲ?

ಮುದಿ ಕುಲ! ತಮಾಷೆ ಅಲ್ಲ. ಸುರಂಗ ತೋಡಿ ತೋಡಿ ಹಲ್ಲು ಸವೆಯುತ್ತದೆ. ನಮ್ಮ ಕಡೆಯ ಗರಸು ನೆಲದಲ್ಲಿ ಒಂದು ಮಳೆಗಾಲ ದುಡಿದ ಹುಳದ ಮುಂಗಾಲು ಸವೆದ ಗುದ್ದಲಿಯಂತೆ ಬೋಳಾಗಿರುತ್ತದೆ. ಸವೆದ ಆಂಥೊಫ್ಯಾಗಸ್ ಕಾಲಿನ ತುದಿ ನೆಟ್ಟಗೆ ಕಂಡು ಕ್ಯಾಕೋಬಿಯಸ್ ಅನ್ನಿಸಿಬಿಡುತ್ತದೆ. ಹಾಗಾಗಿ ಒಂದೇ ಜಾಗದಿಂದ ನಾಲ್ಕೈದು ಹುಳ ನೋಡಿ. ಹಲ್ಲು ಚೂಪಾಗಿರುವ ಎಳೆಯದನ್ನು ಆರಿಸಿ. ಮುಖದ ಸಲಿಕೆಯ ಅಂಚೂ ಹೀಗೇ ಸವೆಯುತ್ತದೆ.

ಮುಂಗಾಲಿಗೆ ಪಾದವೇ ಇಲ್ಲದಿದ್ದರೆ? ಮುರಿದಿದೆಯಾ?

ಒಂದು ಕಡೆ ಮಾತ್ರ ಇಲ್ಲದಿದ್ದರೆ ಮುರಿದಿದೆ. ಎರಡೂ ಕಡೆ ಇಲ್ಲದಿದ್ದರೆ ಅದೇ ಒಂದು ಗುರುತು. ಸ್ಕ್ಯಾರಬಿಯಸ್ ಕುಲದಲ್ಲಿ ಗಂಡು ಹೆಣ್ಣು ಎರಡಕ್ಕೂ ಮುಂಪಾದ ಇಲ್ಲ. ಓನಿಟಿಸ್ ಕುಲದ ಗಂಡಿಗೂ ಇಲ್ಲ. ಜೊತೆಗೆ ಅದರ ಮುಂಗಣಕಾಲು ಉದ್ದವಾಗಿ ಬಾಗಿರುತ್ತದೆ. ಇವೆರಡೂ ನಮ್ಮ ಹುಣಸೆ ಬೀಜದ ಅಳತೆ ಮೀರಿದವು. ಕೇಳಿದ್ದಕ್ಕೆ ಹೇಳಿದೆ.

ಕೊಂಬು ನೋಡಿ ಹೇಳಲು ಆಗುವುದಿಲ್ಲವೇ?

ಆಗುವುದಿಲ್ಲ. ಕೊಂಬು ಚೆಂದ, ಫೋಟೋಗೆ ಸರಿ. ಕುಲ ಹೇಳಲು ಅದನ್ನು ನಂಬಬೇಡಿ. ಹೆಣ್ಣಿಗೆ ಹೆಚ್ಚಾಗಿ ಕೊಂಬೇ ಇಲ್ಲ, ತಲೆಯ ಮೇಲೆ ಒಂದೆರಡು ಅಡ್ಡ ಏಣು ಅಷ್ಟೇ. ಗಂಡುಗಳಲ್ಲೂ ಎಲ್ಲಕ್ಕೂ ಸಮ ಇಲ್ಲ. ಮರಿಯಾಗಿದ್ದಾಗ ತಾಯಿ ಕಟ್ಟಿಟ್ಟ ಸಗಣಿ ಉಂಡೆ ದೊಡ್ಡದಿದ್ದರೆ ಗಂಡಿಗೆ ಉದ್ದ ಕೊಂಬು. ಉಂಡೆ ಸಣ್ಣದಿದ್ದರೆ ಮೊಟಕು ಕೊಂಬು, ಅಥವಾ ಬರೀ ಗುಳ್ಳೆ. ಆಂಥೊಫ್ಯಾಗಸ್‌ನಲ್ಲಿ ಇದನ್ನು ಚೆನ್ನಾಗಿ ನೋಡಿದ್ದಾರೆ. ಉದ್ದ ಕೊಂಬಿನವನು ಸುರಂಗದ ಬಾಯಲ್ಲಿ ಕಾವಲು ಕಾಯುತ್ತಾನೆ. ಮೊಟಕು ಕೊಂಬಿನವನು ಪಕ್ಕದಿಂದ ಬೇರೆ ಸುರಂಗ ಕೊರೆದು ಹೆಣ್ಣಿನ ಹತ್ತಿರ ನುಸುಳುತ್ತಾನೆ. ಇಬ್ಬರೂ ಅಣ್ಣತಮ್ಮಂದಿರೇ ಆಗಿರಬಹುದು. ನೀವು ಅವರನ್ನು ಎರಡು ಕುಲ ಮಾಡಿಬಿಡುತ್ತೀರಿ, ನಾನು ಮಾಡಿದ್ದೆ.

ಜೇಡದಂತೆ ಉದ್ದ ಕಾಲಿನದು ಒಂದಿದೆ. ಅದು?

ಸಿಸಿಫಸ್. ನನ್ನ ಮೆಚ್ಚಿನದು. ಹುರುಳಿಗಿಂತ ಸ್ವಲ್ಪ ದೊಡ್ಡದು. ಹಿಂಗಾಲು ನೋಡಿದರೆ ಬೇರೆ ಯಾರದ್ದೋ ಕಾಲು ತಂದು ಅಂಟಿಸಿದ್ದಾರೆ ಅನ್ನಿಸುವಷ್ಟು ಉದ್ದ. ಮೈ ಬದಿಗಳಿಂದ ಒತ್ತಿದಂತೆ ಇದ್ದು, ರೆಕ್ಕೆಕವಚ ಹಿಂದಕ್ಕೆ ಹೋಗುತ್ತಾ ಕಿರಿದಾಗುತ್ತದೆ. ಮೈಮೇಲೆ ಕೊಕ್ಕೆಯಂತೆ ಬಾಗಿದ ಸಣ್ಣ ರೋಮ. ಕಪ್ಪು ಅಥವಾ ಬೂದು ಕಪ್ಪು. ಬಂಡೆ ಉರುಳಿಸುತ್ತಲೇ ಇರಬೇಕೆಂದು ಶಾಪ ಪಡೆದ ಗ್ರೀಕ್ ಪುರಾಣದ ರಾಜನ ಹೆಸರು ಇದು. ಹೆಸರಿಗೆ ತಕ್ಕಂತೆ ಹಗಲಿನಲ್ಲೇ ಉಂಡೆ ಕಟ್ಟಿ ಉರುಳಿಸುತ್ತದೆ. ಎರಡು ಹುಳ ಸೇರಿ ಒಂದು ಕುರಿ ಹಿಕ್ಕೆಯಷ್ಟು ಉಂಡೆಯನ್ನು ಬದು ಹತ್ತಿಸುವುದನ್ನು ನೋಡುತ್ತಾ ನಾನು ಒಂದು ಸಲ ಬಸ್ಸನ್ನೇ ತಪ್ಪಿಸಿಕೊಂಡೆ.

ಉಂಡೆ ಉರುಳಿಸುವ ಇನ್ನೊಂದು ಕುಲ ಜಿಮ್ನೊಪ್ಲೂರಸ್. ಇದು ಸಾಮಾನ್ಯವಾಗಿ 8 ಮಿಲಿಮೀಟರ್ ದಾಟುತ್ತದೆ. ಪಕ್ಕದಿಂದ ನೋಡಿ. ರೆಕ್ಕೆಕವಚದ ಅಂಚು ಹೆಗಲಿನ ಹಿಂದೆ ಒಳಕ್ಕೆ ಕಚ್ಚಿದಂತೆ ಇರುತ್ತದೆ. ಆ ಕಚ್ಚಿನಲ್ಲಿ ಹೊಟ್ಟೆಯ ಬದಿ ಕಾಣುತ್ತದೆ. ಆ ಕಚ್ಚಿನ ಸಂದಿಯಿಂದಲೇ ಒಳರೆಕ್ಕೆ ಚಾಚಿ, ಕವಚ ಮುಚ್ಚಿಕೊಂಡೇ ಹಾರುತ್ತದೆ. ಈ ಎರಡೂ ಕುಲಗಳಲ್ಲಿ ಹಿಂಗಣಕಾಲು ತೆಳ್ಳಗೆ ಬಾಗಿರುತ್ತದೆ, ತುದಿಯಲ್ಲಿ ಅಗಲವಾಗುವುದಿಲ್ಲ. ಕಹಳೆಯಂಥ ಕಣಕಾಲು ಇದ್ದರೆ ಅದು ಸುರಂಗ ತೋಡುವ ಹುಳ, ಬಿಲ್ಲಿನಂಥದ್ದಾದರೆ ಉರುಳಿಸುವ ಹುಳ. ಉಂಡೆ ಕಣ್ಣಿಗೆ ಬೀಳದಿದ್ದರೂ ಕಾಲು ಹೇಳಿಬಿಡುತ್ತದೆ.

ತೊಳೆದರೂ ಮಣ್ಣು ಹೋಗದ ಒಂದು ಪುಟ್ಟ ಹುಳ ಸಿಕ್ಕಿದೆ.

ಅದೃಷ್ಟವಂತರು. ಅದು ಟಿಬಿಯೊಡ್ರೆಪಾನಸ್ ಇರಬಹುದು. 3 ರಿಂದ 5 ಮಿಲಿಮೀಟರ್. ಮೈಯೆಲ್ಲ ಗಿಡ್ಡ, ದಪ್ಪ, ಬಾಗಿದ ರೋಮ. ಅದಕ್ಕೆ ಮಣ್ಣು ಮೆತ್ತಿಕೊಂಡು ಒಣಗಿದ ಸಗಣಿ ಚೂರಿನಂತೆಯೇ ಕಾಣುತ್ತದೆ. ಹೆಗಲ ತಟ್ಟೆಯ ಮೇಲೆ ಹಳ್ಳ ದಿಣ್ಣೆ. ಗಂಡಿನ ಮುಂಗಣಕಾಲು ಕುಡುಗೋಲಿನಂತೆ ಬಾಗಿರುತ್ತದೆ, ಹೆಸರಿನ ಅರ್ಥವೂ ಅದೇ. ಕೈ ತಾಗಿದರೆ ಕಾಲು ಮಡಚಿ ಸತ್ತಂತೆ ಬಿದ್ದುಕೊಳ್ಳುತ್ತದೆ. ತಟ್ಟೆಯಲ್ಲಿ ಸಗಣಿ ಹರಡಿ ಸುಮ್ನೆ ಐದು ನಿಮಿಷ ಕಾಯಿರಿ. ಯಾವ ಚೂರು ನಡೆಯುತ್ತದೋ ಅದನ್ನು ಎತ್ತಿ.

ಹಳದಿ ಅಂಚಿನ ಚಪ್ಪಟೆ ಹುಳ ಯಾವುದು?

ಓನಿಟಿಸೆಲಸ್ ಸಿಂಕ್ಟಸ್. ಈ ಒಂದಕ್ಕೆ ಮಾತ್ರ ನಾನು ಪೂರ್ತಿ ಹೆಸರು ಧೈರ್ಯವಾಗಿ ಹೇಳುತ್ತೇನೆ. ಸುಮಾರು 8 ರಿಂದ 11 ಮಿಲಿಮೀಟರ್, ಉದ್ದ ಮೈ, ಕಪ್ಪು ಬಣ್ಣ, ರೆಕ್ಕೆಕವಚದ ಸುತ್ತ ಸೀರೆ ಅಂಚಿನಂತೆ ತಿಳಿ ಹಳದಿ ಗೆರೆ. ತ್ರಿಕೋನ ಕಾಣುತ್ತದೆ, ಹೆಗಲ ತಟ್ಟೆ ತುಂಬ ದೊಡ್ಡದು. ಇದು ಸಗಣಿಯನ್ನು ಎಲ್ಲಿಗೂ ಒಯ್ಯುವುದಿಲ್ಲ. ಸಗಣಿ ರೊಟ್ಟಿಯ ಒಳಗೇ ಗೂಡು ಮಾಡಿ ಅಲ್ಲೇ ಮೊಟ್ಟೆ ಇಡುತ್ತದೆ. ಮೇಲಿನ ಹಪ್ಪಳ ಎತ್ತಿದರೆ ಉಂಡೆಗಳು ಸಿಗುತ್ತವೆ.

ಅದೇ ಬಳಗದ ಟಿನಿಯೊಸೆಲಸ್ ಇನ್ನೂ ಸಣ್ಣದು. ಹಳದಿ ಕಂದು ಮೈ ಮೇಲೆ ಕಲಸಿದಂಥ ಕಪ್ಪು ಕಲೆ. ಲಿಯಾಟಾಂಗಸ್‌ನ ಗಂಡಿಗೆ ಕೊಂಬಿದೆ, ಆದರೆ ತ್ರಿಕೋನ ಕಾಣುವುದರಿಂದ ಆಂಥೊಫ್ಯಾಗಸ್ ಜೊತೆ ಕಲಸಿಕೊಳ್ಳಬಾರದು. ಕಲಸಿಕೊಳ್ಳುತ್ತಾರೆ, ಕೊಂಬನ್ನೇ ಮೊದಲು ನೋಡುವುದರಿಂದ.

ಬಣ್ಣ ಉಪಯೋಗಕ್ಕೇ ಬರುವುದಿಲ್ಲವೇ?

ಪ್ರಭೇದಕ್ಕೆ ಬರುತ್ತದೆ, ಕುಲಕ್ಕೆ ಕಡಿಮೆ. ಆಂಥೊಫ್ಯಾಗಸ್ ಒಂದರಲ್ಲೇ ಕಪ್ಪು, ಕಂದು, ಹಳದಿ ಮೇಲೆ ಕಪ್ಪು, ತಾಮ್ರ, ಹಸಿರು ಹೊಳಪು ಎಲ್ಲ ಇವೆ. ಆಗ ತಾನೇ ಹೊರಬಂದ ಎಳೆ ಹುಳ ಕೆಂಪು ಕಂದಾಗಿದ್ದು ಆಮೇಲೆ ಕಪ್ಪಾಗುತ್ತದೆ.

ಎಲ್ಲಿ, ಯಾವಾಗ ಹುಡುಕಬೇಕು?

ಮಳೆ ಬಿದ್ದ ಮೇಲೆ. ಭರಣಿ ಮಳೆಗೆ ನೆಲ ನೆನೆದ ಎರಡು ಮೂರು ದಿನದಲ್ಲಿ ಹುಳ ಏಳುತ್ತವೆ. ನಮ್ಮ ಜಿಲ್ಲೆಗೆ ಮಳೆ ಜಾಸ್ತಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗ ಎರಡನೇ ಸುಗ್ಗಿ. ಬೇಸಿಗೆಯಲ್ಲಿ ಸಗಣಿ ಅರ್ಧ ದಿನದಲ್ಲಿ ಬೆರಣಿಯಾಗುತ್ತದೆ, ಅದರಲ್ಲಿ ಏನೂ ಸಿಗುವುದಿಲ್ಲ.

ಸಗಣಿಯಲ್ಲೂ ಜಾತಿ ಇದೆ. ಮೇಯಲು ಬಿಟ್ಟ ನಾಟಿ ಹಸುವಿನ ಸಗಣಿ ಒಳ್ಳೆಯದು. ತಿಪಟೂರು ಹತ್ತಿರದ ಕೊನೇಹಳ್ಳಿಯ ಅಮೃತಮಹಲ್ ಕಾವಲಿನ ಕಡೆ, ಹಳ್ಳಿಕಾರ್ ಎತ್ತು ಕಟ್ಟುವ ಊರುಗಳಲ್ಲಿ ಗಟ್ಟಿ ಸಗಣಿ ಸಿಗುತ್ತದೆ. ಕೊಟ್ಟಿಗೆಯಲ್ಲೇ ನಿಂತು ಹಿಂಡಿ ತಿನ್ನುವ ಸೀಮೆಹಸುವಿನ ಸಗಣಿ ತೆಳ್ಳಗೆ, ಅದೂ ನೇರ ತಿಪ್ಪೆಗೆ ಹೋಗುತ್ತದೆ. ಜಂತುಹುಳಕ್ಕೆ ಐವರ್ಮೆಕ್ಟಿನ್ ಕೊಟ್ಟ ಹಸುವಿನ ಸಗಣಿ ನೋಡಲು ಸರಿಯಾಗೇ ಇರುತ್ತದೆ. ಆದರೆ ಔಷಧಿ ಸಗಣಿಯಲ್ಲಿ ಹೊರಬಂದು ಸಗಣಿ ಹುಳದ ಮರಿಗಳನ್ನೂ ಕೊಲ್ಲುತ್ತದೆ. ಕುರಿ ಮಂದೆ ಹಾಕಿಸಿದ ಹೊಲದ ಹಿಕ್ಕೆ ರಾಶಿಯನ್ನು ಬಿಡಬೇಡಿ. ಎಳ್ಳು ಗಾತ್ರದವು ಅಲ್ಲಿ ನನಗೆ ಚೆನ್ನಾಗಿ ಸಿಕ್ಕಿವೆ.

ದೇವರಾಯನದುರ್ಗದ ಕಾಡು, ಮೈದನಹಳ್ಳಿಯ ಕೃಷ್ಣಮೃಗಗಳ ಜಯಮಂಗಲಿ ಮೀಸಲು ಪ್ರದೇಶ, ಇವೆರಡೂ ಆಸೆ ಹುಟ್ಟಿಸುವ ಜಾಗ. ಕೃಷ್ಣಮೃಗದ ಗಂಡು ಒಂದೇ ಕಡೆ ಹಿಕ್ಕೆ ಹಾಕಿ ಹಾಕಿ ಗುಡ್ಡೆ ಮಾಡುತ್ತದೆ. ಆದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಅಲ್ಲಿ ಒಂದು ಹುಳವನ್ನೂ ಎತ್ತಬೇಡಿ. ನಿಮ್ಮ ಹೊಲ, ಊರ ಗೋಮಾಳ ಸಾಕು.

ಕೈ ಹಾಕದೆ ಹುಳ ತೆಗೆಯುವುದು ಹೇಗೆ?

ಒಂದು ಬಕೆಟ್ ನೀರಿಗೆ ಸಗಣಿ ಹಾಕಿ ಕೋಲಿನಿಂದ ಕದಡಿ. ಹುಳಗಳು ತೇಲಿ ಬರುತ್ತವೆ, ಟೀ ಸೋಸುವ ಜಾಲರಿಯಲ್ಲಿ ಎತ್ತಿ. ಜಾಲರಿ ಹೊಸದು ಕೊಳ್ಳಿ, ಅಡುಗೆಮನೆಯದನ್ನು ಮುಟ್ಟಬೇಡಿ. ನಮ್ಮ ಮನೆಯಲ್ಲಿ ಆ ಜಗಳ ಇನ್ನೂ ಮುಗಿದಿಲ್ಲ. ಅಥವಾ ಪ್ಲಾಸ್ಟಿಕ್ ಲೋಟವನ್ನು ನೆಲಮಟ್ಟಕ್ಕೆ ಹೂತು, ಮೇಲೆ ಎರಡು ಕಡ್ಡಿ ಅಡ್ಡ ಇಟ್ಟು, ಬಟ್ಟೆಯಲ್ಲಿ ಸಗಣಿ ಗಂಟು ಕಟ್ಟಿ ತೂಗುಬಿಡಿ. ರಾತ್ರಿ ಇಟ್ಟದ್ದು ಬೆಳಿಗ್ಗೆ, ಬೆಳಿಗ್ಗೆ ಇಟ್ಟದ್ದು ಸಂಜೆ ನೋಡಿ. ಎರಡರಲ್ಲೂ ಬೇರೆ ಬೇರೆ ಹುಳ ಬಿದ್ದಿರುತ್ತವೆ.

ಮೊಬೈಲ್ ಆಪ್ ಫೋಟೋ ನೋಡಿ ಹೆಸರು ಹೇಳುತ್ತದಲ್ಲ?

ಮೇಲಿಂದ ತೆಗೆದ ಒಂದು ಫೋಟೋದಲ್ಲಿ ಮುಂಗಣಕಾಲಿನ ತುದಿ ಇರುವುದಿಲ್ಲ, ಬಾಲತಟ್ಟೆ ಇರುವುದಿಲ್ಲ, ಹೊಟ್ಟೆ ಕಡೆ ಇರುವುದಿಲ್ಲ. ಕಪ್ಪಗಿರುವುದಕ್ಕೆಲ್ಲ ಅದು ಆಂಥೊಫ್ಯಾಗಸ್ ಅನ್ನುತ್ತದೆ. ನಾನೂ ಎರಡು ವರ್ಷ ಅದನ್ನೇ ಮಾಡಿದೆ, ಆಪ್ ಮೇಲೆ ಕೋಪವಿಲ್ಲ. ಗ್ರಾಫ್ ಹಾಳೆಯ ಮೇಲೆ ಇಟ್ಟು ಐದು ಫೋಟೋ ತೆಗೆಯಿರಿ: ಮೇಲಿಂದ, ಪಕ್ಕದಿಂದ, ಹಿಂದಿನಿಂದ, ಅಂಗಾತ, ಮತ್ತೆ ಮುಂಗಾಲು ಒಂದೇ.

ಹಳೆಯ ಪಟ್ಟಿಯಲ್ಲಿ ಒಂದು ಹೆಸರು, ಹೊಸದರಲ್ಲಿ ಇನ್ನೊಂದು. ಯಾವುದು ಸರಿ?

ಎರಡೂ ಅವರವರ ಕಾಲಕ್ಕೆ ಸರಿ. ನಮ್ಮ ದೇಶದ ಈ ಹುಳಗಳ ಬಗ್ಗೆ ಬ್ರಿಟಿಷ್ ಕೀಟತಜ್ಞ ಗಿಲ್ಬರ್ಟ್ ಆರೋ 1931ರಲ್ಲಿ ಮಾಡಿದ ಕೆಲಸವನ್ನು ಇವತ್ತಿಗೂ ಜನ ತೆರೆದು ನೋಡುತ್ತಾರೆ. ಆಮೇಲೆ ಮನೆತನಗಳು ಪಾಲಾಗಿವೆ. ಆಗಿನ ಡ್ರೆಪನೋಸೆರಸ್‌ನಿಂದ 2009ರಲ್ಲಿ ಟಿಬಿಯೊಡ್ರೆಪಾನಸ್ ಬೇರೆಯಾಯಿತು. ದೊಡ್ಡ ಅಫೋಡಿಯಸ್ ಈಗ ಎಷ್ಟೋ ಕುಲಗಳಾಗಿ ಒಡೆದಿದೆ. ಅದಕ್ಕೇ ನಾನು "ಅಫೋಡಿಯಸ್ ಬಳಗ" ಎಂದು ನಿಲ್ಲಿಸುವುದು. ಸಗಣಿ ಕರಗಿಸಲೆಂದು 1968ರಲ್ಲಿ ಆಸ್ಟ್ರೇಲಿಯಾದಲ್ಲಿ ಬಿಟ್ಟ ಹೆಸರಾಂತ ಹುಳ ಆಗ ಆಂಥೊಫ್ಯಾಗಸ್ ಗಜೆಲ್ಲಾ, ಈಗ ಡಿಜಿಟಾಂಥೊಫ್ಯಾಗಸ್ ಗಜೆಲ್ಲಾ. ಹುಳ ಅದೇ.

ಮಗುವಿನ ಮಲದಲ್ಲಿ ಜೀವಂತ ದುಂಬಿ ಕಂಡಿತು. ಮಾಟವೇ?

ಮಾಟವಲ್ಲ. ಬಟ್ಟೆ ಇಲ್ಲದೆ ನೆಲದಲ್ಲಿ ಮಲಗುವ, ಆಡುವ ಪುಟ್ಟ ಮಕ್ಕಳಲ್ಲಿ ಸಣ್ಣ ಸಗಣಿ ಹುಳಗಳು ಹೀಗೆ ಕಂಡದ್ದು ವೈದ್ಯರ ದಾಖಲೆಗಳಲ್ಲಿದೆ. ಅವುಗಳಲ್ಲಿ ಆಂಥೊಫ್ಯಾಗಸ್, ಕ್ಯಾಕೋಬಿಯಸ್ ಎರಡೂ ಇವೆ. ಎಷ್ಟೋ ಸಲ ಹುಳ ಹೊರಗಿನಿಂದ ಬಂದು ಮಲದಲ್ಲಿ ಕೂತಿರುವುದೂ ಉಂಟು. ಮಗುವನ್ನು ವೈದ್ಯರಿಗೆ ತೋರಿಸಿ, ಹುಳವನ್ನು ಡಬ್ಬಿಯಲ್ಲಿ ಜೊತೆಗೆ ಒಯ್ಯಿರಿ.

ಹುಳವನ್ನು ಕಾಪಾಡಿ ಇಡುವುದು ಹೇಗೆ? ಯಾರಿಗೆ ತೋರಿಸಬೇಕು?

ಶೇಕಡಾ 70ರ ಆಲ್ಕೋಹಾಲ್ ಇರುವ ಪುಟ್ಟ ಸೀಸೆಯಲ್ಲಿ ಹಾಕಿ. ಒಣಗಿಸಿ ಇಡುವುದಾದರೆ ಇಷ್ಟು ಸಣ್ಣದಕ್ಕೆ ಪಿನ್ ಚುಚ್ಚಬೇಡಿ, ಒಡೆದುಹೋಗುತ್ತದೆ. ದಪ್ಪ ಕಾಗದದ ಚೂಪು ತ್ರಿಕೋನ ಕತ್ತರಿಸಿ, ಅದರ ತುದಿಗೆ ಹುಳದ ಬಲಬದಿಯನ್ನು ಅಂಟಿಸಿ, ಪಿನ್ನನ್ನು ಕಾಗದಕ್ಕೆ ಚುಚ್ಚಿ. ಹೊಟ್ಟೆ ಕಡೆ ಮುಚ್ಚಿಹೋಗುವಂತೆ ಅಂಟು ಬಳಿಯಬೇಡಿ. ಎಲ್ಲ ಗುರುತೂ ಅಲ್ಲೇ ಇದೆ.

ಚೀಟಿಯಲ್ಲಿ ಊರು, ತಾಲ್ಲೂಕು, ತಾರೀಕು, ಯಾವ ಪ್ರಾಣಿಯ ಸಗಣಿ, ಹಿಡಿದವರ ಹೆಸರು, ಇಷ್ಟನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗುತ್ತದೆ. ಚೀಟಿ ಇಲ್ಲದ ಹುಳವನ್ನು ಯಾರೂ ಮುಟ್ಟುವುದಿಲ್ಲ. ಬೆಂಗಳೂರಿನ ಜಿಕೆವಿಕೆಯಲ್ಲಿರುವ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರ ವಿಭಾಗವಿದೆ, ಕೀಟಗಳ ಸಂಗ್ರಹವೂ ಇದೆ. ಹೋಗುವ ಮೊದಲು ಕೇಳಿಕೊಂಡು ಹೋಗಿ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲೂ ವಿಚಾರಿಸಬಹುದು.

ಪೆಟ್ಟಿಗೆಯ ಮೂಲೆಯಲ್ಲಿ ನುಸಿಗುಳಿಗೆ ಹಾಕುವುದನ್ನು ಮರೆಯಬೇಡಿ. ನಾನು ಚೀಟಿ ತಿದ್ದಿ ಬರೆದ ಕ್ಯಾಕೋಬಿಯಸ್‌ಗಳನ್ನೆಲ್ಲ ಒಂದು ಯುಗಾದಿಗೆ ಊರಿಗೆ ಹೋಗಿ ಬರುವಷ್ಟರಲ್ಲಿ ಇರುವೆಗಳು ಹೊತ್ತುಕೊಂಡು ಹೋಗಿದ್ದವು. ಚೀಟಿಗಳು ಮಾತ್ರ ಸಾಲಾಗಿ ನಿಂತಿದ್ದವು.